ನಾಲ್ಕು ಬೆರಳು ಆಳ

ಲಾರಿಗಳು ನಿಂತ ಮೇಲೆ ಸರಕೆಲ್ಲ ಕೃಷ್ಣೆಯಲ್ಲಿ ನಡೆಸುವ ಆಳಿಲ್ಲದೆ ತಾವೇ ಓಡುವ ದೋಣಿಗಳಲ್ಲೇ ಸಾಗುತ್ತದೆ. ಖಾಲಿ ಮರಳುವ ದೋಣಿಯೂ ಮುಳುಗಡೆಯಾದ ಹಿರೇಮುಗಳಿ ದಾಟಿದೊಡನೆ ನೀರಿನಲ್ಲಿ ಇನ್ನೂ ನಾಲ್ಕು ಬೆರಳು ಆಳಕ್ಕೆ ಕೂರುತ್ತದೆ. ದೋಣಿಗಳನ್ನು ತಡೆದು ಬಿಡುವ ನದಿಯ ಗೇಟು ಕಾಯುವ ನೀಲವ್ವನಿಗೆ ಇದು ರೂಢಿ. ದೋಣಿ ನಿಂತಾಗ ಆ ಊರಿನ ಹೆಸರು ಎತ್ತಬಾರದು, ಅಷ್ಟೇ. ಎತ್ತಿದರೆ ಅಲ್ಲಿ ಹತ್ತಿದವರು ಇಳಿಯುತ್ತಾರೆ.

ಇವತ್ತು ಮಧ್ಯಾಹ್ನ ದೋಣಿ ಗೇಟಿನಲ್ಲಿದ್ದಾಗಲೇ ಹೊಸ ಮೆಕ್ಯಾನಿಕ್ ಗದಿಗೆಪ್ಪ ಕೇಳಿದ: "ಗಂಡನ ಮನಿ ಯಾವೂರ್ರಿ, ಅಕ್ಕಾರ?"

"ಹಿರೇಮುಗಳಿ," ಎಂದುಬಿಟ್ಟಳು ನೀಲವ್ವ.

ದೋಣಿ ತಟ್ಟನೆ ಮೇಲೆದ್ದಿತು. ಬಿಸಿಲಿಗೆ ಕಾದ ಮೆಟ್ಟಿಲುಗಳ ಮೇಲೆ ಒದ್ದೆ ಹೆಜ್ಜೆಗಳು ಮೂಡತೊಡಗಿದವು. ಪ್ರತಿ ಹೆಜ್ಜೆಯ ಪಕ್ಕಕ್ಕೂ ಊರುಗೋಲಿನ ದುಂಡು ಗುರುತು.

ನೀರು ಬಂದ ದಿನ ಊರು ಬಿಡಲೊಲ್ಲೆನೆಂದು ಕಟ್ಟೆಯ ಮೇಲೆಯೇ ಕೂತುಬಿಟ್ಟಿದ್ದರು ಅವಳ ಮಾವ, ಊರುಗೋಲು ತೊಡೆಯ ಮೇಲಿಟ್ಟುಕೊಂಡು.

ಗುರುತುಗಳು ಎದುರಿಗೇ ಬಂದು ನಿಂತವು. ನೀಲವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.