ದುಪ್ಪಟಿಯ ಮೇಲೆ ಉಳಿದ ಬೋಲ್ಟು

ಟ್ಯಾಂಕು ಏರಿಸಿ, ಸೀಟು ಕೂರಿಸಿ, ಕೊನೆಯ ನಟ್ಟನ್ನೂ ಬಿಗಿದು ಟೈಲರ್ ಮಾಸ್ಟರು ಸೊಂಟ ನೆಟ್ಟಗೆ ಮಾಡಿಕೊಂಡು ನೋಡುತ್ತಾರೆ, ನೆಲಕ್ಕೆ ಹಾಸಿದ್ದ ಹಳೇ ದುಪ್ಪಟಿಯ ಮೇಲೆ ಇನ್ನೂ ಒಂದು ಬೋಲ್ಟು ಉಳಿದಿದೆ.

"ಲೇ, ಬಾ ಇಲ್ಲಿ!"

ಅಡುಗೆಮನೆಯಲ್ಲಿದ್ದ ಹೆಂಡತಿಯ ಎದೆ ಧಸಕ್ಕೆಂದಿತು. ನಿನ್ನೆ ಮಧ್ಯಾಹ್ನ ಮಾಸ್ಟರು ಒಂದು ಗಳಿಗೆ ಕಣ್ಣು ಮುಚ್ಚಿದ್ದಾಗ ಆ ಬೋಲ್ಟನ್ನು ಅಲ್ಲಿ ಇಟ್ಟು ಬಂದವಳು ಆಕೆಯೇ.

ಮಾಡದೆ ಏನು ಮಾಡಿಯಾಳು? ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟ ಮೇಲೆ ಮಾಸ್ಟರಿಗೆ ಉಳಿದಿದ್ದು ಆ ಮೋಟಾರ್ ಸೈಕಲ್ ಒಂದೇ. ಅದು ಅವರ ಮದುವೆಗಿಂತ ಎರಡು ವರ್ಷ ಹಿರಿಯದು. ಹ್ಯಾಂಡಲ್ ಮೂರು ಸಲ ಬದಲಾಗಿದೆ, ಬಣ್ಣ ಏಳು ಸಲ. ಸೀಟನ್ನಂತೂ ಅವರೇ ಹೊಲಿದು, ಆಕೆಯ ಸೊಂಟನೋವಿಗೆಂದು ಹಿಂದುಗಡೆ ಒಂದಿಂಚು ಸ್ಪಂಜು ಹೆಚ್ಚಿಗೆ ತುಂಬಿದ್ದಾರೆ. ಗಾಡಿ ಬಿಚ್ಚಿಕೊಂಡು ಕೂತಿರುವಷ್ಟು ದಿನ ಮನೆ ತಣ್ಣಗಿರುತ್ತದೆ. ಸರಿಯಾಗಿಬಿಟ್ಟಿತೋ, ಮಾಸ್ಟರು ಒಳಗೆ ಬರುತ್ತಾರೆ. ಹೋದ ಸಲ ಬಂದವರು ಡಬ್ಬಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಉಪ್ಪು ಎಲ್ಲಿದೆ ಎಂದು ಆಕೆ ಅವರನ್ನೇ ಕೇಳುವ ಹಾಗೆ ಮಾಡಿದ್ದರು. ಪೊರಕೆ ಉದ್ದವಾಯಿತೆಂದು ಟೇಪು ಹಿಡಿದು ಅಳೆದು ಮೂರಿಂಚು ಕತ್ತರಿಸಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಮನೆಯಲ್ಲಿ ಮಾಸ್ಟರ ಕೈಗೆ ಗ್ರೀಸು ಹತ್ತಿದರೆ ಆಕೆಗೆ ನೆಮ್ಮದಿ. ಅದಕ್ಕೇ ಈ ಉಪಾಯ. ಬಿಚ್ಚಿದ ಪ್ರತಿಯೊಂದಕ್ಕೂ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ನಂಬರು ಬರೆದು ಸಾಲಾಗಿ ಇಡುವ ಮನುಷ್ಯ ಅವರು. ಜೋಡಿಸಿದ ಮೇಲೆ ಒಂದು ಉಳಿದರೂ ಮತ್ತೆ ಪೂರ್ತಿ ಬಿಚ್ಚುತ್ತಾರೆ. ನಾಲ್ಕು ದಿನದ ಕೆಲಸ. ಈ ಹಿಂದೆ ಎರಡು ಸಲ ಉಪಾಯ ಫಲಿಸಿತ್ತು.

ಆದರೆ ಈ ದಿನ ಬೆಳಿಗ್ಗೆ ಅಕ್ಕನ ಫೋನು ಬಂದಿತ್ತು. "ನಾಳೆ ಎಲ್ಲರೂ ಸೇರ್ತಿದೀವಿ ಕಣೇ. ನಿಮ್ಮ ಗಾಡೀಲೇ ಬನ್ನಿ. ಅದು ಇನ್ನೂ ಓಡುತ್ತಾ ಅಂತ ನಿನ್ನ ಭಾವ ನಗ್ತಿದಾರೆ." ಮದುವೆಯ ದಿನ ಆ ಗಾಡಿಯ ಹಿಂದೆ ಆಕೆ ಕೂತಾಗ, ಈ ತಗಡಿನ ಡಬ್ಬ ಊರ ಗಡಿ ದಾಟಲ್ಲ ಎಂದಿದ್ದ ಭಾವ, ಮೂವತ್ತೆಂಟು ವರ್ಷದಿಂದ ಅದೇ ಮಾತು ಆಡುತ್ತಿದ್ದಾರೆ. ನಾಳೆ ಅವರ ಗೇಟಿನ ಮುಂದೆಯೇ ಇಳಿಯಬೇಕು ಎಂದು ಆಕೆ ಆಗಲೇ ಸೀರೆ ತೆಗೆದಿಟ್ಟಿದ್ದಳು. ಬೋಲ್ಟು ಎತ್ತಿಕೊಳ್ಳೋಣವೆಂದರೆ ಮಾಸ್ಟರು ಬೆಳಿಗ್ಗೆಯಿಂದ ದುಪ್ಪಟಿ ಬಿಟ್ಟು ಎದ್ದಿರಲಿಲ್ಲ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಗಿತ್ತು.

"ನೋಡು, ಒಂದು ಉಳಿದಿದೆ" ಎಂದರು ಮಾಸ್ಟರು. "ನಾಳೆ ಬಸ್ಸಲ್ಲೇ ಹೋಗೋಣ ಬಿಡು."

"ಒಂದೇ ಬೋಲ್ಟು ತಾನೇ?"

"ಗುಂಡಿ ಹಾಕದೆ ಶರ್ಟು ಕೊಟ್ಟವನಾ ನಾನು?" ಸ್ಪ್ಯಾನರ್ ಕೈಗೆ ಬಂದೇಬಿಟ್ಟಿತು.

ಆಕೆ ಸೆರಗಿನ ತುದಿ ಹಿಂಡುತ್ತ ನಿಂತಳು. ಕೊನೆಗೆ, "ರೀ, ಅದನ್ನ ಕೆಳಗಿಡಿ. ಆ ಬೋಲ್ಟು ಗಾಡೀದಲ್ಲ. ನಿಮ್ಮ ಹೊಲಿಗೆ ಮಿಷನ್ನಿಂದು. ನಾನೇ ಬಿಚ್ಚಿ ಹಾಕಿದ್ದು" ಎಂದಳು.

ಬೈಗುಳ ಬರುತ್ತದೆ ಎಂದು ಕಾದರೆ, ಮಾಸ್ಟರು ಜೇಬಿನಿಂದ ಚಾಕಿನ ಡಬ್ಬಿ ತೆಗೆದರು. ಅದರಲ್ಲಿ ಇನ್ನೂ ಎರಡು ಬೋಲ್ಟುಗಳಿದ್ದವು. "ಇದು ಮಂಚದ್ದು. ಇದು ಕುಕ್ಕರ್ ಹಿಡೀದು. ಮಿಷನ್ನಂತೂ ನಲವತ್ತು ವರ್ಷ ತುಳಿದಿದೀನಿ, ಅದರ ಬೋಲ್ಟು ಗೊತ್ತಾಗಲ್ವೇನೇ?"

"ಗೊತ್ತಿದ್ದೂ ಎರಡು ಸಲ ಪೂರ್ತಿ ಬಿಚ್ಚಿದ್ರಾ!"

ಮಾಸ್ಟರು ಕೈ ಒರೆಸಿಕೊಂಡರು. "ಗಾಡಿ ಮುಗಿದುಹೋದ್ರೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ ಹೇಳು. ಅಡುಗೆಮನೆಗೂ ನೀನು ಸೇರಿಸಲ್ಲ."

ಆಕೆಗೆ ನಗುವೂ ಬಂತು, ಪಾಪ ಎಂದೂ ಅನ್ನಿಸಿತು. "ಮತ್ತೆ ಬಸ್ಸಲ್ಲಿ ಹೋಗೋಣ ಅಂದಿದ್ದು?"

"ನಿನಗೆ ಭಾವನ ಗೇಟು ದೊಡ್ಡದೋ, ಅಡುಗೆಮನೆ ದೊಡ್ಡದೋ ಅಂತ ನೋಡ್ತಿದ್ದೆ!"

ಮರುದಿನ ಭಾವ ಗೇಟಿಗೇ ಬಂದು, ಗಾಡಿಗೆ ಎರಡು ಸುತ್ತು ಹಾಕಿ, ತಪ್ಪು ಹುಡುಕಿ ಹುಡುಕಿ ಸಾಕಾಗಿ, "ಹಾರ್ನು ಸ್ವಲ್ಪ ಸಣ್ಣದಾಯ್ತು" ಎಂದರು. ಆಕೆ ಊಟದಲ್ಲಿ ಎರಡು ತುತ್ತು ಹೆಚ್ಚಿಗೇ ಉಂಡಳು.

ವಾಪಸು ಬರುವಾಗ ಗಾಡಿ ಬೆಣ್ಣೆಯಂತೆ ಓಡುತ್ತಿತ್ತು. ಎಲ್ಲಿಯೂ ಒಂದು ಅಪಸ್ವರವಿಲ್ಲ. ಆದರೆ ಕನ್ನಡಿಯಲ್ಲಿ ಮಾಸ್ಟರ ಮುಖ ಮನೆ ಹತ್ತಿರವಾದಂತೆ ಸಣ್ಣದಾಗುತ್ತಿತ್ತು. ಆಕೆ ಅದನ್ನು ನೋಡಿದಳು. ಮುಂದಕ್ಕೆ ಬಾಗಿ ಅವರ ಕಿವಿಯ ಹತ್ತಿರ ಕೂಗಿ ಹೇಳಿದಳು:

"ರೀ, ಹಿಂದಿನ ಚಕ್ರದ ಹತ್ತಿರ ಏನೋ ಕಟಕಟ ಅಂತಿದೆ, ಕೇಳಿಸ್ತಾ?"

ಮಾಸ್ಟರು ಗಾಡಿ ನಿಧಾನ ಮಾಡಿ, ಇಲ್ಲದ ಸದ್ದಿಗೆ ಗಂಭೀರವಾಗಿ ಕಿವಿಗೊಟ್ಟರು. ಕನ್ನಡಿಯ ತುಂಬ ಅವರ ಮುಖ ಅರಳಿತು.

"ಹೂಂ ಕಣೇ. ಪೂರ್ತಿ ಬಿಚ್ಚಿಯೇ ನೋಡ್ಬೇಕು."