ಒರೆಸಿದ ಗಾಜು

ಎದುರಿನ ಕಟ್ಟಡದ ಅಂಚಿನ ಗೂಡಿನಿಂದ ಗಿಡುಗದ ಒಂದು ಮರಿ ಜಿಗಿದಾಗ, ಹಗ್ಗದಲ್ಲಿ ನೇತಾಡುತ್ತ ಗಾಜು ಒರೆಸುತ್ತಿದ್ದ ಭಾಮೈದ ಕೈ ನಿಲ್ಲಿಸಿ, "ಭಾವ, ಹಾರ್ತು ನೋಡಿ," ಎಂದ.

ಪಕ್ಕದ ಹಗ್ಗದಲ್ಲಿದ್ದ ಭಾವ ನಕ್ಕ. "ಮೊದಲನೇ ದಿನ ನೀನು ಇದಕ್ಕಿಂತ ಜಾಸ್ತಿ ನಡುಗಿದ್ದೆ ಬಿಡು."

ಮರಿ ಎರಡು ಸಲ ತಡಬಡಿಸಿ, ಗಾಳಿ ಹಿಡಿದು, ನೇರ ಅವರತ್ತಲೇ ಬಂತು. ಒಳಗೆ ಕೆಲಸ ಮಾಡುವವರಿಗೆ ಮರಿಗಳು ಚೆನ್ನಾಗಿ ಕಾಣಲಿ ಎಂದು ಭಾಮೈದ ಬೆಳಿಗ್ಗೆಯಿಂದ ಒಂದೊಂದು ಗಾಜನ್ನೂ ಎರಡೆರಡು ಸಲ ಉಜ್ಜಿದ್ದ. ಈಗ ಅವುಗಳಲ್ಲಿ ಆಕಾಶ ಇದ್ದ ಹಾಗೇ ಕಾಣುತ್ತಿತ್ತು. ಮರಿ ಆ ಆಕಾಶದೊಳಕ್ಕೆ ಹಾರಿತು. ಬಾಗಿಲು ಬಡಿದಷ್ಟೇ ಸದ್ದಾಯಿತು. ಅದು ಕೆಳಗೆ ಬಿದ್ದ ಮೇಲೂ ಗಾಜಿನ ಮೇಲೆ ಬಿಚ್ಚಿದ ರೆಕ್ಕೆಗಳ ಬೂದು ಅಚ್ಚು ಉಳಿದಿತ್ತು.

"ಇನ್ನೊಂದು ಮರಿ ಗೂಡಿನ ಅಂಚಿಗೆ ಬಂತು ಕಣೋ," ಎಂದ ಭಾವ.

ಭಾಮೈದ ಬಕೆಟ್ಟಿನ ಕೊಳೆನೀರಿಗೆ ಬಟ್ಟೆ ಅದ್ದಿ, ಆಕಾಶ ಕಾಣದಂತೆ ಗಾಜಿಗೆ ಬಳಿಯತೊಡಗಿದ. ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿ, ರೆಕ್ಕೆಯ ಅಚ್ಚು ತೋರಿಸಿ, ಅದನ್ನು ಒರೆಸು ಎಂದು ಸನ್ನೆ ಮಾಡಿದರು. ಅವನು ಬಳಿಯುತ್ತಲೇ ಇದ್ದ. ಕೈಗೆ ಎಟುಕುವುದು ಅದೊಂದೇ ಗಾಜು. ಮೇಲೆ, ಅವನೇ ಒರೆಸಿದ ಒಂಬತ್ತು ಮಹಡಿಗಳ ತುಂಬ ಆಕಾಶವಿತ್ತು.