ಕತ್ತಲಾದ ಮೇಲೆ ನಿಲ್ಲುವ ಕಾರು

ಕತ್ತಲಾದೊಡನೆ ಊರಿನ ದೀಪಗಳೆಲ್ಲ ಜನರ ಬ್ಯಾಟರಿ ಕಾರುಗಳಿಂದಲೇ ಕರೆಂಟು ಹೀರಿಕೊಳ್ಳುತ್ತಿದ್ದವು. ಬೆಳಗಾಗುವವರೆಗೆ ಒಂದು ಕಾರೂ ಅಲುಗುತ್ತಿರಲಿಲ್ಲ. ಜನ ಅದಕ್ಕೆ ಒಗ್ಗಿಹೋಗಿದ್ದರು. ಓಣಿ ಓಣಿ ನಡೆದು ಕಾಲು ಸೋತು, ಕಾರು ಕೊಳ್ಳಲು ಬಂದ ಸೂಲಗಿತ್ತಿ ನೀಲವ್ವ ಮಾತ್ರ ಅಂಗಡಿಯಲ್ಲೇ ಸಿಡಿದಳು.

“ರಾತ್ರಿ ಯಾರಿಗರ ಹೆರಿಗಿ ಬ್ಯಾನಿ ಬಂದ್ರ ನಾ ಹೆಂಗ ಹೋಗ್ಲೋ?”

“ಮೂರು ದಿನ ಮೊದಲ ಅರ್ಜಿ ಕೊಟ್ರ ಆ ರಾತ್ರಿ ನಿಮ್ಮ ಕಾರಿನ ಕರೆಂಟು ಮುಟ್ಟೂದಿಲ್ರೀ,” ಎಂದ ಕಾರು ಮಾರುವ ಚನ್ನಪ್ಪ.

“ಹಡಿಯಾಕಿ ಅರ್ಜಿ ಹಾಕಿ ಹಡೀತಾಳೇನೋ ಶಾಣ್ಯಾ? ನಿಮ್ಮವ್ವ ಹಾಕಿದ್ಳೇನು? ನಿನ್ನ ಹೊರಗ ತಗದಾಕಿ ನಾನ!”

ಚನ್ನಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಹಂಗಾರ ತಗೋಬ್ಯಾಡ್ರೀ ಯವ್ವಾ. ನನ್ನ ಹೇಣ್ತಿಗೆ ಒಂಬತ್ತು ತಿಂಗಳು ತುಂಬ್ಯಾವ. ನೀವು ನಡಕೋತ ಬಂದ್ರ ಸಾಕು.”

ನೀಲವ್ವ ಸಾಲಾಗಿ ನಿಂತ ಹೊಸ ಕಾರುಗಳತ್ತ ಕೈಚಾಚಿದಳು. “ಇವನ್ನೆಲ್ಲಾ ತಗೊಳ್ಳೋರ ಮನ್ಯಾಗ ಯಾರೂ ಹಡಿಯೂದಿಲ್ಲೇನೋ?”